ಹೆಸರು ಕೊರೆಸದ ಪಾತ್ರೆ

ಮೂಡುಬಿದಿರೆ
9 ಸೆಪ್ಟೆಂಬರ್ 2025

ಶ್ರೀ ಶೋಧನ್ ಅವರಿಗೆ,

ನಾನು ಯಾರೆಂದು ನಿಮಗೆ ಗೊತ್ತಿದ್ದೇ ಇರುತ್ತದೆ. ಬ್ರಾಹ್ಮಿಯ ತಂದೆ ವೀರರಾಜ. ಮೂಡುಬಿದಿರೆ ಪೇಟೆಯಲ್ಲಿ ಪಾತ್ರೆ ಅಂಗಡಿ. ನಮ್ಮ ಜೈನರ ದಶಲಕ್ಷಣ ಪರ್ವ ಮುಗಿಯುವವರೆಗೆ ಸಿಟ್ಟು ಮಾಡಬಾರದೆಂದು ಸುಮ್ಮನಿದ್ದೆ. ಪರ್ವದ ಕ್ರಮದಂತೆ ನಿನ್ನೆ ಊರಿನವರೆಲ್ಲರ ಬಳಿ ಕ್ಷಮೆ ಕೇಳಿಯೂ ಆಯಿತು. ಇವತ್ತಿನಿಂದ ಸಿಟ್ಟು ಮಾಡಬಹುದು, ಹಾಗಾಗಿ ಈ ಪತ್ರ.

ನನ್ನ ಮಗಳು ನಿಮ್ಮನ್ನೇ ಮದುವೆಯಾಗುತ್ತೇನೆ ಎನ್ನುತ್ತಾಳೆ. ಹುಡುಗ ಏನು ಮಾಡುತ್ತಾನೆ ಎಂದು ಕೇಳಿದೆ. “ಹೊಳೆಯಲ್ಲಿ ಕಯಾಕ್ ಬಿಡ್ತಾನೆ ಅಪ್ಪ” ಎಂದಳು. ಕಾಲೇಜಿನಲ್ಲಿ ಪಾಠ ಮಾಡುವವಳ ಬಾಯಲ್ಲಿ ಬರುವ ಮಾತೇ ಇದು? ಕಯಾಕ್ ಎಂದರೆ ಒಬ್ಬರೋ ಇಬ್ಬರೋ ಕೂರುವ ಸಪೂರ ದೋಣಿಯಂತೆ. ನೀರು ಕಲ್ಲುಗಳ ಮೇಲೆ ಬಿದ್ದು ನೊರೆ ಕಾರುವಲ್ಲಿಗೆ ಅದನ್ನು ಬೇಕೆಂದೇ ಇಳಿಸುವುದಂತೆ. ಅದಕ್ಕೆ ಜನ ಬೆಂಗಳೂರಿನಿಂದ ಬಂದು ದುಡ್ಡೂ ಕೊಡುತ್ತಾರಂತೆ. ನಾನು ಪ್ರಶ್ನೆಯನ್ನು ಅಲ್ಲಿಗೇ ನಿಲ್ಲಿಸಿದೆ.

ನೋಡಿ, ನಾನು ಒಂದು ಕಂಚಿನ ಲೋಟವನ್ನೂ ಬೆರಳಿನಿಂದ ತಟ್ಟಿ ನೋಡದೆ ತೆಗೆದುಕೊಳ್ಳುವವನಲ್ಲ. ಮಗಳನ್ನು ಕೊಡುವಾಗ ಕಣ್ಣು ಮುಚ್ಚಿ ಹೇಗೆ ಕೊಡಲಿ? ಒಂದು ಶನಿವಾರ, ಭಾನುವಾರ ನನ್ನನ್ನು ನಿಮ್ಮ ಹೊಳೆಗೆ ಕರೆದುಕೊಂಡು ಹೋಗಿ. ಬೇರೆ ಗಿರಾಕಿಗಳನ್ನು ಹೇಗೆ ಕರೆದೊಯ್ಯುತ್ತೀರೋ ಹಾಗೆಯೇ. ರಾತ್ರಿ ಟೆಂಟಿನಲ್ಲಿ ಮಲಗುತ್ತೇನೆ. ಬ್ರಾಹ್ಮಿ ಬರುವುದಿಲ್ಲ. ಅದಾದ ಮೇಲೆ ನನ್ನ ಉತ್ತರ ಹೇಳುತ್ತೇನೆ. ಆಗುವುದಿಲ್ಲ ಎಂದರೆ ಆಗುವುದಿಲ್ಲ, ಆಮೇಲೆ ಅದರ ಬಗ್ಗೆ ಮಾತು ಬೇಡ. ಬ್ರಾಹ್ಮಿಯೂ ಇದಕ್ಕೆ ಒಪ್ಪಿದ್ದಾಳೆ.

ನಿಮ್ಮ ಕ್ಯಾಂಪಿನಲ್ಲಿ ಫೋನಿಗೆ ನೆಟ್‌ವರ್ಕ್ ಇಲ್ಲವೆಂದು ಕೇಳಿದೆ. ಒಳ್ಳೆಯದೇ ಆಯಿತು, ಫೋನಿನಲ್ಲಿ ನನಗೆ ಬೇಗ ಸಿಟ್ಟು ಬರುತ್ತದೆ. ಬೆಳ್ತಂಗಡಿ ಬಸ್ಸಿನ ಕಂಡಕ್ಟರ್ ಧರ್ಣಪ್ಪ ನಮ್ಮ ಅಂಗಡಿಯ ಪಾರ್ಸೆಲು ಒಯ್ಯುವವನು. ಉತ್ತರವನ್ನು ಅವನ ಕೈಯಲ್ಲಿ ಕೊಟ್ಟರೆ ನನಗೆ ಮುಟ್ಟುತ್ತದೆ.

ನೀರಿನ ವಿಷಯದಲ್ಲಿ ನನ್ನ ಚಿಂತೆ ನಿಮಗೆ ಬೇಡ. ಹದಿನೆಂಟು ಕೆರೆಗಳ ಊರಿನಲ್ಲಿ ಹುಟ್ಟಿದವನು ನಾನು.

ವೀರರಾಜ

*

ಹೊಳೆಬದಿ ಕ್ಯಾಂಪ್, ಬೆಳ್ತಂಗಡಿ ತಾಲೂಕು
13 ಸೆಪ್ಟೆಂಬರ್ 2025

ವೀರರಾಜ ಸರ್ ಅವರಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ನಮ್ಮ ಜೀಪಿನ ಡ್ರೈವರ್ ಮೂಸಬ್ಬಣ್ಣ ಬೆಳ್ತಂಗಡಿ ಬಸ್‌ಸ್ಟ್ಯಾಂಡಿನಿಂದ ತಂದುಕೊಟ್ಟರು. ನಾನು ಓದುವಾಗ ನನ್ನ ಮುಖ ನೋಡಿ “ಎಂತ ಮಾರಾಯ, ಕೋರ್ಟಿನಿಂದ ಬಂದದ್ದಾ?” ಎಂದು ಕೇಳಿದರು. ಹೆಚ್ಚು ಕಡಿಮೆ ಹಾಗೆಯೇ ಎಂದೆ.

ಸರ್, ಖಂಡಿತ ಬನ್ನಿ. ಈಗ ನೀರು ಜಾಸ್ತಿ ಉಂಟು. ಅಕ್ಟೋಬರ್ 11, 12ರ ಹೊತ್ತಿಗೆ ಹದಕ್ಕೆ ಬರುತ್ತದೆ, ದಸರಾ ರಜೆಯ ಗಲಾಟೆಯೂ ಮುಗಿದಿರುತ್ತದೆ. ಇಬ್ಬರು ಕೂರುವ ಕಯಾಕಿನಲ್ಲಿ ನೀವು ಎದುರು, ನಾನು ಹಿಂದೆ. ಶನಿವಾರ ಬೆಳಿಗ್ಗೆ ನೀರಿಗೆ ಇಳಿದು, ಸಂಜೆ ಕೆಳಗಿನ ಮರಳ ದಿಬ್ಬದಲ್ಲಿ ಟೆಂಟು ಹಾಕುವ. ಭಾನುವಾರ ಮಧ್ಯಾಹ್ನ ದಡ ಹತ್ತಿದರೆ ಮುಗಿಯಿತು. ಅಲ್ಲಿಗೆ ನನ್ನ ಅಮ್ಮ ನರಿಕೊಂಬಿನಿಂದ ಊಟ ತರುತ್ತಾರೆ. ಅಮ್ಮನ ಹೆಸರು ನೀಲಾವತಿ. ತಂದೆ ಮಸ್ಕತ್ತಿನ ಹೋಟೆಲಿನಲ್ಲಿ ಇರುವುದರಿಂದ ನಿಮ್ಮನ್ನು ಕಾಣಬೇಕಾದವರು ಅವರೇ. ಬಂದವರು ಅವರ ಕೈಯ ಊಟ ಮಾಡಿ ಹೋದರೆ ಸಂಬಂಧ ಕೂಡಿದ ಹಾಗೆ ಎಂದು ಅವರ ಲೆಕ್ಕ. ಇದನ್ನು ಈಗಲೇ ಹೇಳಬಾರದಿತ್ತೋ ಏನೋ. ಬರೆದಾಯಿತು.

ಎರಡು ವಿಷಯ ಕೇಳಬೇಕು. ನಿಮಗೆ ಈಜು ಬರುತ್ತದೆಯೇ? ಬರದಿದ್ದರೆ ಏನೂ ತೊಂದರೆ ಇಲ್ಲ, ಲೈಫ್ ಜಾಕೆಟ್ ಉಂಟು, ನಾನಿದ್ದೇನೆ. ಆದರೆ ನನಗೆ ಗೊತ್ತಿರಬೇಕು. ಇನ್ನೊಂದು, ನಿಮ್ಮ ಊಟದ ಕ್ರಮ. ಬ್ರಾಹ್ಮಿಯನ್ನು ಕೇಳಿದ್ದಕ್ಕೆ “ಅಪ್ಪನನ್ನೇ ಕೇಳು, ನಾನು ಮಧ್ಯದಲ್ಲಿ ಬರುವುದಿಲ್ಲ” ಎಂದಳು.

ಬೇರೆ ಗಿರಾಕಿಗಳ ಹಾಗೆಯೇ ಕರೆದೊಯ್ಯಬೇಕು ಎಂದಿದ್ದೀರಿ. ಅದು ಮಾತ್ರ ನನ್ನಿಂದ ಆಗುವುದಿಲ್ಲ ಸರ್. ಅವರಲ್ಲಿ ಯಾರೂ ಬ್ರಾಹ್ಮಿಯ ಅಪ್ಪ ಅಲ್ಲ.

ನಿಮ್ಮ
ಶೋಧನ್

*

ಮೂಡುಬಿದಿರೆ
20 ಸೆಪ್ಟೆಂಬರ್ 2025

ಶೋಧನ್ ಅವರಿಗೆ,

ತಾರೀಕು ಒಪ್ಪಿಗೆ. ಈಜಿನ ಬಗ್ಗೆ ಕೇಳಿದ್ದೀರಿ. ನಾನು ಬೆಳೆದದ್ದೇ ಕೆರೆಯ ಮೆಟ್ಟಿಲುಗಳ ಮೇಲೆ ಎಂದರೆ ಸಾಕಲ್ಲ?

ಇನ್ನು ಊಟ. ಸೂರ್ಯ ಮುಳುಗಿದ ಮೇಲೆ ನಾನು ತಿನ್ನುವುದಿಲ್ಲ. ನೆಲದ ಅಡಿ ಬೆಳೆದದ್ದು ಬೇಡ. ಈರುಳ್ಳಿ, ಬೆಳ್ಳುಳ್ಳಿ, ಬಟಾಟೆ ಯಾವುದೂ ಆಗುವುದಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿ ಕುದಿಸಿ ನಾನೇ ಬಾಟಲಿಯಲ್ಲಿ ತರುತ್ತೇನೆ. ಮೀನು, ಮಾಂಸ ಬೇಯಿಸಿದ ಪಾತ್ರೆಯಲ್ಲಿ ನನಗೆ ಅಡುಗೆ ಮಾಡಬಾರದು. ನೀವು ನರಿಕೊಂಬಿನವರು, ಮನೆ ಹೊಳೆಯ ಬದಿಯಲ್ಲೇ. ನಿಮ್ಮ ಕಡೆ ಮೀನು ಕಾಣದ ಪಾತ್ರೆ ಹುಡುಕುವುದು ಕಷ್ಟವೆಂದು ನನಗೆ ಗೊತ್ತು. ನೀವು ತಿನ್ನುತ್ತೀರೋ ಇಲ್ಲವೋ? ನೇರವಾಗಿ ಹೇಳಿ.

ಅದಕ್ಕಾಗಿ ಅಂಗಡಿಯಿಂದ ಹೊಸ ಪಾತ್ರೆ ಕಳಿಸಿದ್ದೇನೆ, ಒಂದು ತೋಪು, ಒಂದು ಬಾಣಲೆ, ಸೌಟು, ತಟ್ಟೆಗಳು. ಧರ್ಣಪ್ಪ ಅವನ್ನು ಸೀಟಿನ ಅಡಿಗೆ ತಳ್ಳದ ಹಾಗೆ ಎರಡು ಸಲ ಹೇಳಿದ್ದೇನೆ. ಅವುಗಳ ಮೇಲೆ ಹೆಸರು ಕೊರೆಸಿಲ್ಲ. ಕೆಲಸ ಮುಗಿದ ಮೇಲೆ ತೊಳೆದು ವಾಪಸ್ ಕಳಿಸಿ. ಹೆಸರು ಕೊರೆಸದ ಪಾತ್ರೆಯನ್ನು ನಾವು ಹಿಂದೆ ತೆಗೆದುಕೊಳ್ಳುತ್ತೇವೆ. ಒಮ್ಮೆ ಹೆಸರು ಬಿತ್ತೋ, ಮತ್ತೆ ಅಂಗಡಿಯ ಮೆಟ್ಟಿಲು ಹತ್ತಿಸುವ ಹಾಗಿಲ್ಲ. ಇದು ನನ್ನ ಅಪ್ಪನ ಕಾಲದ ಕ್ರಮ, ಗಿರಾಕಿಗಳಿಗೆಲ್ಲ ಗೊತ್ತು.

ನನ್ನ ಹೆಂಡತಿ ತ್ರಿಶಲಾ ಕಿವಿಗೆ ಹತ್ತಿ, ಬೆನ್ನಿಗೆ ಎಣ್ಣೆ, ಕುತ್ತಿಗೆಗೆ ಮಫ್ಲರು ಎಂದು ಚೀಲ ತುಂಬಿಸುತ್ತಿದ್ದಾಳೆ. ಟೆಂಟಿನಲ್ಲಿ ನನಗೂ ಸ್ವಲ್ಪ ಜಾಗ ಉಳಿದರೆ ಅದೃಷ್ಟ.

ವೀರರಾಜ

*

ಹೊಳೆಬದಿ ಕ್ಯಾಂಪ್
25 ಸೆಪ್ಟೆಂಬರ್ 2025

ವೀರರಾಜ ಸರ್,

ಪಾತ್ರೆಗಳು ಒಂದು ಗೀಚೂ ಇಲ್ಲದೆ ಬಂದು ಮುಟ್ಟಿದವು. ತೋಪನ್ನು ಮಡಿಲಲ್ಲೇ ಇಟ್ಟುಕೊಂಡು ಬಂದೆ ಎಂದು ಧರ್ಣಪ್ಪಣ್ಣ ಹೇಳಿದರಂತೆ. ಹಾಗಾದರೆ ಟಿಕೆಟ್ ಕೊಟ್ಟದ್ದು ಯಾವಾಗ ಎಂದು ಮಾತ್ರ ನಾನು ಕೇಳಲಿಲ್ಲ.

ಮೀನು ತಿನ್ನುತ್ತೇನೆ ಸರ್. ಇಷ್ಟಪಟ್ಟೇ ತಿನ್ನುತ್ತೇನೆ. ನಿಮಗೆ ಸುಳ್ಳು ಹೇಳಿ, ಆಮೇಲೆ ಒಂದು ದಿನ ಬಿ.ಸಿ.ರೋಡಿನ ಹೋಟೆಲಿನಲ್ಲಿ ನಿಮ್ಮ ಕಣ್ಣಿಗೆ ಬಿದ್ದರೆ ನನ್ನ ಗತಿ ಏನು? ನಿಮ್ಮ ಪಾತ್ರೆಗಳನ್ನು ಮಾತ್ರ ಬೇರೆ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಟ್ಟಿದ್ದೇನೆ. ಕೀಲಿ ನನ್ನ ಕುತ್ತಿಗೆಯಲ್ಲಿ ಉಂಟು.

ಅಡುಗೆ ಅಭ್ಯಾಸ ನಡೆಯುತ್ತಾ ಉಂಟು. ಈರುಳ್ಳಿ ಇಲ್ಲದ ಹೆಸರುಕಾಳು ಗಸಿ ಮಾಡಿದೆ. ಮೊದಲ ದಿನ ಮೂಸಬ್ಬಣ್ಣ ಒಂದು ತುತ್ತು ತಿಂದು ಆಕಾಶ ನೋಡಿದರು. ಮೂರನೇ ಸಲ ಮಾಡಿದಾಗ ಎರಡನೇ ಸಲ ಬಡಿಸಿಕೊಂಡರು. ಎದುರಿನ ಗುಡ್ಡದಿಂದಾಗಿ ನಮ್ಮ ದಿಬ್ಬದಲ್ಲಿ ಸೂರ್ಯ ಬೇಗ ಮರೆಯಾಗುತ್ತಾನೆ. ಯಾವುದಕ್ಕೂ ಇರಲಿ ಎಂದು ಐದು ಗಂಟೆಗೇ ಊಟ ತಯಾರಿರುವ ಹಾಗೆ ನೋಡಿಕೊಳ್ಳುತ್ತೇನೆ. ಅಮ್ಮನೂ ಎಲೆಯಲ್ಲಿ ಬೇಯಿಸುವ ಮೂಡೆ ಇಡ್ಲಿ, ಬೆಲ್ಲದ ಕಾಯಿಹಾಲು ಎಂದು ಈಗಲೇ ತೀರ್ಮಾನ ಮಾಡಿದ್ದಾರೆ. ಹೊಸ ಇಡ್ಲಿ ಪಾತ್ರೆಯನ್ನೂ ತಂದಿದ್ದಾರೆ, ಬೇರೆ ಅಂಗಡಿಯಿಂದ. ದಯವಿಟ್ಟು ಸಿಟ್ಟಾಗಬೇಡಿ.

ಶೋಧನ್

*

ಮೂಡುಬಿದಿರೆ
6 ಅಕ್ಟೋಬರ್ 2025

ಶೋಧನ್ ಅವರಿಗೆ,

ತಯಾರಿ ಎಲ್ಲ ಆಗಿದೆ. ಈ ಪತ್ರ ಬೇರೆ ಕಾರಣಕ್ಕೆ. ಅಂಗಡಿಗೆ ಬಂದ ಒಬ್ಬರಿಗೆ ನಿಮ್ಮ ಕಯಾಕಿನ ವಿಷಯ ಹೇಳಿದೆ. ಅವರಿಗೆ ಕೆಲವು ಸಂಶಯಗಳು. ದೋಣಿ ಮಗುಚುವುದುಂಟೋ? ಮಗುಚಿದರೆ ಕಾಲು ಒಳಗೆ ಸಿಕ್ಕಿಹಾಕಿಕೊಳ್ಳುವುದುಂಟೋ? ಆ ಜಾಕೆಟ್ಟು ಸ್ವಲ್ಪ ದಪ್ಪ ಇರುವವರನ್ನೂ ತೇಲಿಸುತ್ತದೋ? ಕನ್ನಡಕ ಹಾಕುವವರಿಗೆ ಏನು ವ್ಯವಸ್ಥೆ? ನಿಮ್ಮಲ್ಲಿ ಈವರೆಗೆ ಯಾರಿಗಾದರೂ ಏನಾದರೂ ಆದದ್ದುಂಟೋ? ಅವರು ಬಹಳ ಒತ್ತಾಯಿಸಿ ಕೇಳಿದ್ದರಿಂದ ಬರೆದೆ. ಶನಿವಾರದ ಒಳಗೆ ಉತ್ತರ ಬಂದರೆ ಅವರಿಗೆ ಸಮಾಧಾನ.

ವೀರರಾಜ

*

ಹೊಳೆಬದಿ ಕ್ಯಾಂಪ್
8 ಅಕ್ಟೋಬರ್ 2025

ವೀರರಾಜ ಸರ್,

ನಿಮ್ಮ ಗಿರಾಕಿಗೆ ಹೀಗೆ ಹೇಳಿ. ಮಗುಚುವುದುಂಟು. ನಮ್ಮದು ಮೇಲೆ ಕೂರುವ ಕಯಾಕ್ ಆದ್ದರಿಂದ ಕಾಲು ಸಿಕ್ಕಿಹಾಕಿಕೊಳ್ಳುವುದಿಲ್ಲ. ಜಾಕೆಟ್ ನನ್ನನ್ನೂ ಮೂಸಬ್ಬಣ್ಣನನ್ನೂ ಒಟ್ಟಿಗೆ ತೇಲಿಸಿದೆ, ಮೂಸಬ್ಬಣ್ಣ ಎಷ್ಟು ದಪ್ಪ ಎಂದು ಶನಿವಾರ ನೀವೇ ನೋಡುತ್ತೀರಿ. ಕನ್ನಡಕಕ್ಕೆ ದಾರ ಕಟ್ಟಿಕೊಡುತ್ತೇನೆ. ದೇವರ ದಯದಿಂದ ಇಷ್ಟರವರೆಗೆ ಮೊಣಕಾಲು ತರಚಿದ್ದಕ್ಕಿಂತ ಹೆಚ್ಚಿಗೆ ಯಾರಿಗೂ ಏನೂ ಆಗಿಲ್ಲ.

ಅವರಿಗೆ ಅಷ್ಟು ಆಸಕ್ತಿ ಇದ್ದರೆ ಜೊತೆಗೆ ಕರೆದುಕೊಂಡು ಬನ್ನಿ ಸರ್, ಇನ್ನೊಂದು ಕಯಾಕ್ ಉಂಟು. ನಿಮ್ಮಂಥ ಧೈರ್ಯಸ್ಥರು ಜೊತೆಗಿದ್ದರೆ ಅವರಿಗೂ ಧೈರ್ಯ ಬರುತ್ತದೆ.

ಶೋಧನ್

*

ಹೊಳೆಬದಿ ಕ್ಯಾಂಪ್
14 ಅಕ್ಟೋಬರ್ 2025

ಮಾನ್ಯ ವೀರರಾಜ ಸರ್ ಅವರಿಗೆ,

ಪಾತ್ರೆಗಳನ್ನು ಬೂದಿ ಹಾಕಿ ತಿಕ್ಕಿ, ತೊಳೆದು, ಒರೆಸಿ ಕಳಿಸುತ್ತಿದ್ದೇನೆ. ಒಂದೂ ಕಡಿಮೆ ಇಲ್ಲ.

ನೀವು ಬಾಯಿಬಿಟ್ಟು ಉತ್ತರ ಹೇಳದಿದ್ದರೂ ನನಗೆ ಅರ್ಥವಾಯಿತು. ಶನಿವಾರ ನೀರಿಗೆ ಇಳಿಯುವ ಮೊದಲು ನೀವು ಹೊಳೆಯನ್ನೇ ನೋಡುತ್ತಾ ನಿಂತಿರಿ, ಕಣ್ಣು ಮುಚ್ಚಿ ಕೈ ಮುಗಿದಿರಿ. ಆಮೇಲೆ ಮಧ್ಯಾಹ್ನ ಬುತ್ತಿ ಬಿಚ್ಚಿದೆ, ಬೇಡ ಎಂದಿರಿ. ಹಸಿವಿಲ್ಲವೇನೋ ಅಂದುಕೊಂಡೆ. ಸಂಜೆ ಸೂರ್ಯ ಗುಡ್ಡದ ಮೇಲೆ ಇರುವಾಗಲೇ, ನಿಮ್ಮದೇ ಪಾತ್ರೆಯಲ್ಲಿ ಮಾಡಿದ ಅಡುಗೆ ಬಡಿಸಿದೆ. ನೀವು ತಟ್ಟೆಯನ್ನು ಮೆಲ್ಲಗೆ ನನ್ನ ಕಡೆ ಸರಿಸಿ “ನೀನು ಉಣ್ಣು ಮಗ, ನನಗೆ ಬೇಡ” ಎಂದಿರಿ. ಮಗ ಎಂದು ಕರೆದು ಅನ್ನ ಬೇಡ ಎಂದರೆ ಅದನ್ನು ಹೇಗೆ ತೆಗೆದುಕೊಳ್ಳುವುದು ಸರ್? ಭಾನುವಾರ ಬೆಳಿಗ್ಗೆ ದೋಸೆಗೂ ಅದೇ ಉತ್ತರ. ನಿಮ್ಮ ಬಾಟಲಿಯ ನೀರು ಬಿಟ್ಟರೆ ಬೇರೆ ಏನನ್ನೂ ನೀವು ಮುಟ್ಟಲಿಲ್ಲ.

ಅದರ ಮೇಲೆ ಕಯಾಕ್ ಮಗುಚಿ ನಿಮ್ಮನ್ನು ನೀರಿಗೆ ಹಾಕಿದೆ. ಆ ತಪ್ಪು ನನ್ನದೇ, ಕಲ್ಲಿಗೆ ಸ್ವಲ್ಪ ಹೆಚ್ಚೇ ಹತ್ತಿರ ಹೋದೆ. ಅದಕ್ಕೆ ನೀವು ನನ್ನನ್ನು ಬೈಯಬಹುದಿತ್ತು.

ಆದರೆ ದಡದಲ್ಲಿ ಅಮ್ಮ ಬೆಳಿಗ್ಗೆಯಿಂದ ಕಾದಿದ್ದರು. ಮೂಡೆ ಬಿಸಿ ಆರಬಾರದೆಂದು ಟವೆಲು ಸುತ್ತಿ ತಂದಿದ್ದರು. ನೀವು ಅವರಿಗೂ ಕೈ ಮುಗಿದು “ಇವತ್ತು ಆಗುವುದಿಲ್ಲ ತಾಯಿ” ಎಂದು ಜೀಪು ಹತ್ತಿ, ಬೇಗ ಬಿಡಿ ಎಂದು ಮೂಸಬ್ಬಣ್ಣನಿಗೆ ಹೇಳಿದಿರಿ. ಅಮ್ಮ ಟವೆಲನ್ನು ಮತ್ತೆ ಸುತ್ತಿದರು. ಮನೆಗೆ ಹೋಗಿ ಆ ಮೂಡೆಯನ್ನು ಅಕ್ಕಪಕ್ಕದ ಮನೆಯವರಿಗೆ ಹಂಚಿದರಂತೆ. ಬೇರೆಯವರ ಮನೆಯಲ್ಲಿ ಊಟ ಬಿಟ್ಟು ಎದ್ದರೆ ನಮ್ಮ ಕಡೆ ಅದರ ಅರ್ಥ ಒಂದೇ, ಸಂಬಂಧ ಬೇಡ ಎಂದು.

ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ. ಬೇಸರ ಉಂಟು, ಅದನ್ನು ಮುಚ್ಚಿಡುವುದಿಲ್ಲ. ನಾಲ್ಕು ದಿನ ಬಿಟ್ಟು ಊರಿಗೆ ಇಳಿದಾಗ ಬ್ರಾಹ್ಮಿಗೆ ನಾನೇ ಹೇಳುತ್ತೇನೆ, ಇದು ಹೊಂದುವುದಿಲ್ಲವೆಂದು ನನಗೇ ಅನ್ನಿಸಿತು ಎಂದು. ಅಪ್ಪ ಬೇಡ ಎಂದರು ಅಂತ ಅವಳಿಗೆ ಗೊತ್ತಾಗುವುದು ಬೇಡ. ಅವಳಿಗೆ ನೀವೆಂದರೆ ಜೀವ. ನೀವು ಅವಳ ಎದುರು ಕೆಟ್ಟವರಾಗುವುದು ನನಗೆ ಇಷ್ಟವಿಲ್ಲ.

ನಿಮ್ಮ ಕನ್ನಡಕದ ದಾರ ಇಲ್ಲಿಯೇ ಉಳಿದಿತ್ತು, ತೋಪಿನೊಳಗೆ ಇಟ್ಟಿದ್ದೇನೆ.

ಶೋಧನ್

*

ಮೂಡುಬಿದಿರೆ
16 ಅಕ್ಟೋಬರ್ 2025

ಏ ಶೋಧನ್,

ಮಂಡೆ ಸರಿ ಉಂಟಾ ನಿನಗೆ? ಈ ಪತ್ರ ಓದಿ ಮುಗಿಸುವವರೆಗೆ ಕ್ಯಾಂಪಿನಿಂದ ಕಾಲು ತೆಗೆಯಬೇಡ, ಬ್ರಾಹ್ಮಿಗೆ ಏನೂ ಹೇಳಲೂ ಹೋಗಬೇಡ. ಹೇಳಲು ಉಳಿದಿಲ್ಲ ಬಿಡು, ನಿನ್ನ ಪತ್ರವನ್ನು ನಾನೇ ಅವಳಿಗೆ ಓದಿ ಹೇಳಿದೆ. ಮೊದಲು ನಕ್ಕಳು. ಆಮೇಲೆ ಅತ್ತಳು. ಆಮೇಲೆ ನನಗೆ ಬೈದಳು, ಅವಳ ಅಮ್ಮನೂ ಮಗಳ ಜೊತೆ ಸೇರಿಕೊಂಡಳು.

ನಿನಗೆ ಮೊದಲೇ ಬರೆಯುತ್ತಿದ್ದೆ. ಹುಟ್ಟು ಹಾಕಿ ಹಾಕಿ ಬೆರಳು ಮಡಚಲು ಬರುತ್ತಿರಲಿಲ್ಲ ಮಾರಾಯ. ಎರಡು ದಿನ ತ್ರಿಶಲಾ ನನಗೆ ಮಗುವಿಗೆ ಉಣಿಸಿದ ಹಾಗೆ ಉಣಿಸಿದ್ದಾಳೆ. ಪೆನ್ನು ಹಿಡಿಯಲು ಆದದ್ದೇ ಇವತ್ತು.

ಈಗ ಕೇಳು. ನನ್ನ ಅಜ್ಜಿಯ ತವರು ಬಂಟ್ವಾಳದ ಕಡೆ. ಆಗ ಮಳೆಗಾಲದಲ್ಲಿ ತವರಿಗೆ ಹೋಗಬೇಕಾದರೆ ತುಂಬಿದ ನೇತ್ರಾವತಿಯನ್ನು ದೋಣಿಯಲ್ಲೇ ದಾಟಬೇಕು. ಅಜ್ಜಿ ದೋಣಿಗೆ ಕಾಲಿಡುವ ಮೊದಲು ಕಣ್ಣು ಮುಚ್ಚಿ ಒಂದು ನೇಮ ಹಿಡಿಯುತ್ತಿದ್ದರು, ಆಚೆ ದಡ ಮುಟ್ಟುವವರೆಗೆ ಅನ್ನಾಹಾರ ಬಿಟ್ಟೆ ಎಂದು. ಅಪಾಯಕ್ಕೆ ಇಳಿಯುವಾಗ ನಮ್ಮ ಹಿರಿಯರಲ್ಲಿ ಅದೊಂದು ಕ್ರಮ. ಪಾರಾದರೆ ಊಟ. ಪಾರಾಗದಿದ್ದರೆ ಯಾವ ಆಸೆಯನ್ನೂ ಕಟ್ಟಿಕೊಳ್ಳದೆ ಹೋದ ಹಾಗೆ.

ಶನಿವಾರ ನಿನ್ನ ಹೊಳೆ ನೋಡಿದೆನಲ್ಲ, ನನ್ನ ಜೀವ ಬಾಯಿಗೆ ಬಂತು. ಕೆರೆಯ ಮೆಟ್ಟಿಲ ಮೇಲೆ ಬೆಳೆದವನು ಎಂದೆನಲ್ಲ, ಅದು ಸುಳ್ಳಲ್ಲ. ಮೆಟ್ಟಿಲಿನಿಂದ ಕೆಳಗೆ ಮಾತ್ರ ನಾನು ಇಳಿದದ್ದಿಲ್ಲ. ಆ ಅಂಗಡಿಗೆ ಬಂದ ಗಿರಾಕಿ ಯಾರೆಂದು ನಿನಗೆ ಇನ್ನೂ ಹೊಳೆದಿಲ್ಲವೇ? ಜೊತೆಗೆ ಕರೆದುಕೊಂಡು ಬನ್ನಿ ಎಂದು ಬರೆದೆಯಲ್ಲ ಪುಣ್ಯಾತ್ಮ, ಕರೆದುಕೊಂಡೇ ಬಂದಿದ್ದೆ, ಆ ಜಾಕೆಟ್ಟಿನ ಒಳಗೆ.

ಹಾಗಾಗಿ ಅಜ್ಜಿಯ ಹಾಗೆ ನಾನೂ ಕಣ್ಣು ಮುಚ್ಚಿದೆ. ದಡ ಮುಟ್ಟುವವರೆಗೆ ಎಂದು ಹೇಳಬೇಕಿತ್ತು. ಹೆದರಿಕೆಯಲ್ಲಿ ದಡ ನೆನಪಿಗೇ ಬರಲಿಲ್ಲ, ಬ್ರಾಹ್ಮಿ ಒಬ್ಬಳೇ ಬಂದಳು. “ನನ್ನ ಮಗಳ ಮುಖ ಇನ್ನೊಮ್ಮೆ ನೋಡುವವರೆಗೆ ಅನ್ನ ಬಿಟ್ಟೆ” ಎಂದುಬಿಟ್ಟೆ. ಹಿಡಿದ ನೇಮವನ್ನು ಆಮೇಲೆ ಬದಲಾಯಿಸುವ ಹಾಗಿಲ್ಲ. ಆ ಹೆಸರುಕಾಳು ಗಸಿಯ ಪರಿಮಳ ಮೂಗಿಗೆ ಬಂದಾಗ ನನ್ನನ್ನೇ ನಾನು ಎಷ್ಟು ಬೈದುಕೊಂಡೆ ಎಂದು ನಿನಗೇನು ಗೊತ್ತು! ನಿನ್ನ ಅಮ್ಮ ಟವೆಲು ಬಿಚ್ಚಿದಾಗ ಕಣ್ಣಲ್ಲಿ ನೀರೇ ಬಂತು. ಅದಕ್ಕೇ ಮೂಸಬ್ಬನಿಗೆ ಬೇಗ ಬಿಡು ಎಂದದ್ದು. ಮೂಡುಬಿದಿರೆಗೆ ಬಂದು ಬಾಗಿಲು ತೆರೆದ ಬ್ರಾಹ್ಮಿಯ ಮುಖ ನೋಡಿ, ಚಪ್ಪಲಿಯನ್ನೂ ಬಿಚ್ಚದೆ “ಊಟ ಹಾಕು” ಎಂದೆನಂತೆ.

ನಿನ್ನ ಎದುರು ಹೇಳಬಹುದಿತ್ತು, ನಿಜ. ಆದರೆ ನೀನೇ ಯೋಚನೆ ಮಾಡು. ನಿನ್ನ ದೋಣಿಯಲ್ಲಿ ಕೂತು, ಇವತ್ತು ನಾನು ಸಾಯುತ್ತೇನೆ ಎಂದು ತಿಳಿದು ಅನ್ನ ಬಿಟ್ಟಿದ್ದೇನೆ ಎಂದು ನಿನಗೆ ಯಾವ ಬಾಯಲ್ಲಿ ಹೇಳಲಿ? ನಿನ್ನನ್ನು ತಟ್ಟಿ ನೋಡಲು ಬಂದವನು ನಾನು. ನಾನೇ ಹೆದರಿದ್ದೇನೆ ಎಂದು ತೋರಿಸಿಕೊಂಡರೆ ಮರ್ಯಾದೆ ಉಳಿಯುತ್ತದೆಯೇ? ನಿನ್ನ ಅಮ್ಮನಿಗೆ ನೋವಾಯಿತಲ್ಲ, ಅದು ಮಾತ್ರ ನನಗೆ ತಡೆಯಲಾಗುತ್ತಿಲ್ಲ. ಅವರ ಬಳಿ ನಾನೇ ಬಂದು ಕ್ಷಮೆ ಕೇಳುತ್ತೇನೆ.

ಇನ್ನು ನಾನು ನೋಡಿದ್ದನ್ನು ಹೇಳುತ್ತೇನೆ. ನೊರೆ ನೀರು ಬಂದಲ್ಲೆಲ್ಲ ನೀನು ಮೊದಲು ದಡಕ್ಕೆ ಹೋಗಿ, ಕಲ್ಲು ಹತ್ತಿ, ನೀರನ್ನು ನೋಡಿ ಬಂದೆ. ದೊಡ್ಡ ಬಂಡೆಯ ಹತ್ತಿರ “ಇವತ್ತು ಇಲ್ಲಿ ಬೇಡ ಸರ್, ನಡೆಯುವ” ಎಂದು ಕಯಾಕನ್ನು ಹೆಗಲಿಗೆ ಹಾಕಿದೆ. ಹೆಣ್ಣು ಕೊಡುವವರ ಎದುರು ಗಂಡಸುತನ ತೋರಿಸಲು ಬೇರೆ ಯಾರಾದರೂ ಆಗಿದ್ದರೆ ಇಳಿಸಿಯೇ ಬಿಡುತ್ತಿದ್ದರು. ಆಮೇಲೆ ಭಾನುವಾರ ಮಗುಚಿತಲ್ಲ, ಕಣ್ಣು ಬಿಡುವಾಗ ನನ್ನ ಜಾಕೆಟ್ಟಿನ ಪಟ್ಟಿ ನಿನ್ನ ಕೈಯಲ್ಲಿತ್ತು. ನಿನ್ನ ಅಷ್ಟು ಬೆಲೆಯ ದೋಣಿ ಹೊಳೆಯಲ್ಲಿ ಹೋಗುತ್ತಾ ಉಂಟು, ನೀನು ಅದರ ಕಡೆ ತಿರುಗಿಯೂ ನೋಡಲಿಲ್ಲ. ನನಗೆ ಬೇಕಾದ ಸದ್ದು ಅಲ್ಲೇ ಕೇಳಿತು. ಇನ್ನು ತಟ್ಟಿ ನೋಡುವುದು ಏನೂ ಉಳಿದಿಲ್ಲ.

ಮೀನಿನ ವಿಷಯ ನೀನು, ಬ್ರಾಹ್ಮಿ ಮಾತಾಡಿಕೊಳ್ಳಿ. ನನ್ನ ಪಾತ್ರೆಗೆ ಮಾತ್ರ ಹಾಕಬೇಡಿ.

ಈ ಭಾನುವಾರ ನಾವು ಮೂವರೂ ನರಿಕೊಂಬಿಗೆ ಬರುತ್ತೇವೆ. ದೀಪಾವಳಿಯ ಮುಂಚಿನ ಭಾನುವಾರ, ಪಾತ್ರೆ ಅಂಗಡಿಗೆ ವರ್ಷದಲ್ಲೇ ದೊಡ್ಡ ವ್ಯಾಪಾರ. ಆದರೂ ಬಾಗಿಲು ಹಾಕಿ ಬರುತ್ತೇನೆ. ಮೂಡೆ, ಬೆಲ್ಲದ ಕಾಯಿಹಾಲು ಎರಡೂ ಇರಲಿ ಎಂದು ನೀಲಾವತಿಯವರಿಗೆ ಹೇಳು.

ಧರ್ಣಪ್ಪನ ಕೈಯಲ್ಲಿ ಆ ತೋಪು ಮತ್ತೆ ನಿನ್ನ ಹತ್ತಿರ ಬರುತ್ತದೆ, ತ್ರಿಶಲಾ ಮಾಡಿದ ರವೆ ಉಂಡೆ ತುಂಬಿಸಿದ್ದೇನೆ. ತೋಪಿನ ಅಂಚು ನೋಡು. ಅಂಗಡಿಯ ಮಿಷನ್ನಿನಲ್ಲಿ ನಾನೇ ಕೊರೆದದ್ದು, ಬೆರಳು ಇನ್ನೂ ನೋಯುವುದರಿಂದ ಅಕ್ಷರ ಸ್ವಲ್ಪ ಸೊಟ್ಟ ಆಗಿದೆ. “ಬ್ರಾಹ್ಮಿ – ಶೋಧನ್.” ಹೆಸರು ಕೊರೆಸಿದ ಪಾತ್ರೆಯನ್ನು ನಮ್ಮ ಅಂಗಡಿಯಲ್ಲಿ ವಾಪಸ್ ತೆಗೆದುಕೊಳ್ಳುವುದಿಲ್ಲ, ಗೊತ್ತಲ್ಲ?

ನಿನ್ನ ಮಾವ
ವೀರರಾಜ

*

ಹೊಳೆಬದಿ ಕ್ಯಾಂಪ್
17 ಅಕ್ಟೋಬರ್ 2025

ಮಾವ,

ಈ ಒಂದು ಶಬ್ದ ಬರೆದು ಸುಮಾರು ಹೊತ್ತು ಸುಮ್ಮನೆ ನೋಡುತ್ತಾ ಕೂತೆ. ಅಷ್ಟರಲ್ಲಿ ಮೂಸಬ್ಬಣ್ಣ ಉಂಡೆಯ ಅರ್ಧ ಮುಗಿಸಿದರು.

ಅಮ್ಮನಿಗೆ ಹೇಳಲು ಬೆಳ್ತಂಗಡಿಯವರೆಗೆ ಹೋಗಿ ಫೋನ್ ಮಾಡಿದೆ. ನೇಮದ ವಿಷಯ ಕೇಳಿದ್ದೇ ಅವರು “ಪಾಪ, ಅಷ್ಟು ಹಸಿದವರ ಎದುರು ನಾನು ಮೂಡೆ ಬಿಚ್ಚಿದೆನಲ್ಲ!” ಎಂದು ಗೋಳಾಡಿದರು. ಕ್ಷಮೆ ಕೇಳುವುದಿದ್ದರೆ ಊಟ ಆದ ಮೇಲೆ ಕೇಳಬೇಕಂತೆ, ಮೊದಲು ಕೇಳಿದರೆ ಒಪ್ಪುವುದಿಲ್ಲವಂತೆ.

ನಮ್ಮ ಮನೆಯ ಹಿಂದೆಯೇ ಹೊಳೆ ಉಂಟು ಎಂದು ಹೆದರಬೇಡಿ, ಅಂದು ದೋಣಿಯನ್ನು ನಿಮ್ಮ ಕಣ್ಣಿಗೂ ತೋರಿಸುವುದಿಲ್ಲ. ನನ್ನದು ಒಂದೇ ಬೇಡಿಕೆ. ಭಾನುವಾರ ಬೆಳಿಗ್ಗೆ ಎದ್ದ ಕೂಡಲೇ ಬ್ರಾಹ್ಮಿಯ ಮುಖ ಸರಿಯಾಗಿ ನೋಡಿಕೊಳ್ಳಿ. ಕಾರಿನಲ್ಲಿಯೂ ಅವಳನ್ನು ನಿಮ್ಮ ಎದುರಿನ ಸೀಟಿನಲ್ಲೇ ಕೂರಿಸಿ. ಈ ಸಲ ನೀವು ಹಸಿದುಕೊಂಡು ಹೋಗಬಾರದು.

ನಿಮ್ಮ
ಶೋಧನ್